ಕುಂಟೆಯ ಕುಡಕ್ಕೆ ಪ್ಲಾಸ್ಮಾ ಸಂಸ್ಕಾರ ಬೇಕೆ?

ಅಮ್ಮಿನಬಾವಿಯ ಎರೆಹೊಲಗಳಲ್ಲಿ ಬಿತ್ತಿಗೆಗೆ ಮುಂಚೆ ಕುಂಟೆ ಹೊಡೆಯುವ ಒಕ್ಕಲಿಗನಿಗೆ ಕುಡದ ಸವೆತವು ಹೊಸ ಮಾತಲ್ಲ. ಮಣ್ಣಿನ ಮರಳುಕಣಗಳೂ ಸುಣ್ಣದ ಹರಳುಗಳೂ ಕಬ್ಬಿಣವನ್ನು ಅರದಂತೆ ಉಜ್ಜುವವು. ಬಾಯಿ ಮೊಂಡಾದ ಕುಡವು ಎತ್ತುಗಳಿಗೆ ಭಾರವಾಗುವದಲ್ಲದೆ ಕಸದ ಬೇರನ್ನೂ ಕೊಯ್ಯದು. ಆದ್ದರಿಂದ ಲೋಹದ ಮೈಯನ್ನು ಗಟ್ಟಿಗೊಳಿಸುವ ವಿದ್ಯೆಯು ಆದರಣೀಯವೇ ಸರಿ. ಆದರೆ ಪ್ಲಾಸ್ಮಾ ಸಂಸ್ಕಾರವೆಂಬ ಹೆಸರು ಕೇಳಿದ ಮಾತ್ರಕ್ಕೆ ಸಾದಾ ಕುಡಕ್ಕೆ ಹೆಚ್ಚಿನ ಬೆಲೆ ತೆರುವದು ಯುಕ್ತವಲ್ಲ.

ಈ ಸಂಸ್ಕಾರದಲ್ಲಿ ಉಕ್ಕಿನ ವಸ್ತುವನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು, ಸ್ವಲ್ಪ ಸಾರಜನಕ ಜಲಜನಕಗಳನ್ನು ಬಿಟ್ಟು, ಕೆಲವು ನೂರು ವೋಲ್ಟುಗಳ ವಿದ್ಯುತ್ತನ್ನು ಹಾಯಿಸುವರು. ಆಗ ವಾಯುವಿನ ಅಣುಗಳು ಒಡೆದು ವಿದ್ಯುದಂಶವುಳ್ಳ ಕಣಗಳಾಗಿ ಹೊಳೆಯುವವು; ಇದೇ ಪ್ಲಾಸ್ಮಾ. ಆ ಕಣಗಳು ಉಕ್ಕಿಗೆ ಬಡಿದು ಅದರ ಮೇಲಿನ ತೆಳುಪೊರೆಯನ್ನು ಕಿತ್ತುಹಾಕುವವು, ಸಾರಜನಕವು ಒಳಕ್ಕೆ ಇಳಿಯುವದು. ಸುಮಾರು ೫೦೦ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಹಲವು ತಾಸು ಇಟ್ಟರೂ ಗಟ್ಟಿಯಾಗುವ ಪದರವು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇದು ಬಣ್ಣದಂತೆ ಮೇಲೆ ಬಳಿದುದಲ್ಲ, ಲೋಹದ ಮೈಯೇ ಮಾರ್ಪಟ್ಟುದು. ಗುಜರಾತದ ಗಾಂಧೀನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯು ಇಂಥ ವಿದ್ಯೆಗಳನ್ನು ಕಾರಖಾನೆಗಳಿಗೆ ಮುಟ್ಟಿಸಲು ೧೯೯೭ರಲ್ಲಿ ಪ್ರತ್ಯೇಕ ಕೇಂದ್ರವನ್ನೇ ತೆರೆಯಿತು.

ಯಂತ್ರಗಳ ಹಲ್ಲುಗಾಲಿ, ಇಂಜಿನ್ನಿನ ಕ್ರ್ಯಾಂಕು ಮುಂತಾದವುಗಳಿಗೆ ಇದು ಬಹು ಉಪಯುಕ್ತ. ಅವು ಎಣ್ಣೆಯಲ್ಲಿ ತಿರುಗುವವು, ಯಾರೂ ಅವನ್ನು ಬಡಿಯುವದಿಲ್ಲ. ಕುಡದ ಗತಿ ಬೇರೆ. ಕ್ರೋಮಿಯಂ, ಅಲ್ಯೂಮಿನಿಯಂಗಳಂಥ ಲೋಹಗಳು ಬೆರೆತ ಉಕ್ಕಿನಲ್ಲಿ ಸಾರಜನಕವು ತರುವ ಗಟ್ಟಿತನವು ಸಾದಾ ಮೆತ್ತನೆಯ ಕಬ್ಬಿಣದಲ್ಲಿ ಬಾರದು. ಬಂದರೂ, ಬಾಯಿಗೆ ಸಾಣೆ ಹಿಡಿದೊಡನೆ ಅಲ್ಲಿಯ ಪದರವು ಹೋಗುವದು. ಕಂಬಾರನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದನೆಂದರೆ ಕೊಟ್ಟ ಹಣವೆಲ್ಲ ಕಿಟ್ಟವಾಗಿ ಅಡಿಗಲ್ಲಿನ ಕೆಳಗೆ ಉದುರಿದಂತೆಯೇ. ವರ್ಷಕ್ಕೊಮ್ಮೆಯಾದರೂ ಕುಲುಮೆ ಕಾಣದ ಕುಡ ಯಾವ ಊರಲ್ಲಿದೆ?

ಇಂಗಾಲದಂಶ ತಕ್ಕಷ್ಟಿರುವ ಉಕ್ಕನ್ನು ಕೊಂಡು, ಕಂಬಾರನಿಂದ ಕಾಯಿಸಿ, ಅದ್ದಿ, ಹದಗೊಳಿಸುವದು ಅಗ್ಗದ ದಾರಿ. ಕಲ್ಲು ಹೆಚ್ಚಿರುವ ಹೊಲಕ್ಕೆ, ಸವೆಯುವ ತುದಿಯ ಮೇಲೆ ಗಟ್ಟಿಲೋಹವನ್ನು ಬೆಸುಗೆಯಿಂದ ದಪ್ಪವಾಗಿ ಕೂಡಿಸುವ ಕ್ರಮವೂ ಉಂಟು.

ಊರ ಗೌಡರೂ ಹಿರಿಯ ಜಮೀನುದಾರರೂ ಹೊಸ ಸಾಮಾನು ಕೊಳ್ಳುವಾಗ ಉಕ್ಕಿನ ಜಾತಿ ಯಾವದು, ಪದರದ ಆಳವೆಷ್ಟು, ಮರಳಿ ಕಾಯಿಸಬಹುದೇ ಎಂಬ ಮೂರು ಸಂಗತಿಗಳನ್ನು ವ್ಯಾಪಾರಿಯಿಂದ ಪಾವತಿಯ ಮೇಲೆಯೇ ಬರೆಯಿಸಿಕೊಳ್ಳತಕ್ಕದ್ದು.