ನೊರೆಯೇ ಶುಚಿಯಲ್ಲ

ವಾರದ ರಜೆಯ ದಿನ ನಮ್ಮ ಹೋಟೆಲು ಕಾರ್ಮಿಕ ಬಂಧುಗಳು ಮೊದಲು ಕೈಹಚ್ಚುವ ಕೆಲಸವೆಂದರೆ ಬಟ್ಟೆ ಒಗೆತ. ಎಣ್ಣೆ, ಸಾಂಬಾರು, ಚಹದ ಕಲೆಗಳನ್ನು ಹೊತ್ತ ಉಡುಪು ಮರುದಿನಕ್ಕೆ ಬೆಳ್ಳಗಾಗಿರಲೇಬೇಕು. ಕಚೇರಿಯ ಗುಮಾಸ್ತರಿಗೂ ಶುಭ್ರವಾದ ಅಂಗಿಯು ಮಾನದ ಪ್ರಶ್ನೆಯೇ. ಶುಚಿತ್ವದಿಂದಲೇ ಈ ನಗರದಲ್ಲಿ ಹೆಸರು ಗಳಿಸಿದ ಜನ ನಾವು. ಆದರೆ ಒಗೆಯುವ ನೀರು ಎಲ್ಲಿಂದ ಬಂದಿತು, ಒಗೆದ ಕೊಳೆಯು ಎಲ್ಲಿಗೆ ಹೋಯಿತು ಎಂದು ನಾವು ವಿಚಾರಿಸುವುದು ವಿರಳ.

ಮುಂಬಯಿಯು ಬಳಸುವ ನೀರಿನ ಬಹುಪಾಲು ಮುಂಬಯಿಯದಲ್ಲ. 1860ರಲ್ಲಿ ವಿಹಾರ್ ಸರೋವರ ಸಿದ್ಧವಾಯಿತು. ಅದು ಸಾಲದೆ 1892ರಲ್ಲಿ ತಾನ್ಸಾ, 1957ರಲ್ಲಿ ಮೋಡಕ್ ಸಾಗರ, ಅನಂತರ ಭಾತ್ಸಾ, ಹೀಗೆ ನಗರವು ದೂರ ದೂರಕ್ಕೆ ಕೈಚಾಚುತ್ತ ಬಂದಿದೆ. ತಾನ್ಸಾ, ಭಾತ್ಸಾಗಳಿರುವ ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ಹಲವು ಹಳ್ಳಿಗಳಲ್ಲಿ ಬೇಸಗೆ ಬಂತೆಂದರೆ ಜನರು ಟ್ಯಾಂಕರಿನ ದಾರಿ ಕಾಯಬೇಕಾಗುತ್ತದೆ. ಅಣೆಕಟ್ಟಿನ ಮಗ್ಗುಲಲ್ಲಿರುವವರ ಕೊಡ ಬರಿದಾಗಿರುವಾಗ ನಮ್ಮ ಬಾಲ್ದಿಯು ತುಂಬಿ ಹರಿಯುವುದು ನ್ಯಾಯವೆನಿಸೀತೆ?

ನೊರೆ ಹೆಚ್ಚಿದಷ್ಟೂ ಬಟ್ಟೆ ಶುಭ್ರವೆಂಬುದು ಕೇವಲ ಭ್ರಮೆ. ಅಳತೆ ಮೀರಿ ಸುರಿದ ಪುಡಿಯು ಕೊಳೆಯನ್ನು ಹೆಚ್ಚಾಗಿ ತೆಗೆಯುವುದಿಲ್ಲ. ಅದನ್ನು ಕಳೆಯಲು ಮತ್ತೆರಡು ಬಾಲ್ದಿ ನೀರು ಬೇಕಾಗುತ್ತದೆ, ಅಷ್ಟೆ. ಕೆಲವು ಪುಡಿಗಳಲ್ಲಿರುವ ಫಾಸ್ಫೇಟು ಜಲಾಶಯದ ಪಾಚಿಗೆ ಗೊಬ್ಬರವಾಗುತ್ತದೆ. ಹಬ್ಬಿದ ಪಾಚಿಯು ಸತ್ತು ಕೊಳೆಯುವಾಗ ನೀರಿನ ಪ್ರಾಣವಾಯುವೆಲ್ಲ ತೀರಿ ಮೀನುಗಳು ಸಾಯುತ್ತವೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯು ರಸ್ತೆಗೆ ಹಾರಿ ಬಂದು ವಾಹನಗಳನ್ನು ಮುತ್ತಿದ ದೃಶ್ಯವನ್ನು ನಮ್ಮ ವಾಚಕರು ಮರೆತಿರಲಾರರು. ಊರ ಕೊಳಚೆಯೊಡನೆ ಮನೆಮನೆಯ ಸಾಬೂನಿನ ನೀರೂ ಸೇರಿ ಆದ ಅನರ್ಥವದು.

ಹಾಗಾದರೆ ಮಾಡಬೇಕಾದುದೇನು? ನಮ್ಮ ಅಜ್ಜಿಯಂದಿರು ಬಳಸುತ್ತಿದ್ದ ಅಂಟುವಾಳವು ಇಲ್ಲಿನ ದಿನಸಿ ಅಂಗಡಿಗಳಲ್ಲಿ ರೀಠಾ ಎಂಬ ಹೆಸರಿನಿಂದ ಇಂದಿಗೂ ದೊರೆಯುತ್ತದೆ. ಬೀಜ ತೆಗೆದು ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ ಸೋಸಿದ ನೀರು ರೇಷ್ಮೆ, ಉಣ್ಣೆ, ನಿತ್ಯದ ಹಗುರ ಬಟ್ಟೆಗಳಿಗೆ ಉತ್ತಮ. ಆದರೆ ಅಡಿಗೆಮನೆಯ ಜಿಡ್ಡಿಗೆ ಅದೊಂದೇ ಸಾಲದೆಂಬುದನ್ನು ಮರೆಮಾಚಲಾಗದು. ಅಂತಹ ಕಲೆಗೆ ಮಾತ್ರ ಸಾಬೂನು ತಿಕ್ಕಿ ಕೆಲಹೊತ್ತು ಬಿಟ್ಟು, ಅನಂತರ ಬಟ್ಟೆಯನ್ನು ಅಳತೆಯ ಪುಡಿಯಲ್ಲಿ ನೆನೆಸಿದರೆ ಪುಡಿಯೂ ಉಳಿಯುವುದು, ರಟ್ಟೆಯೂ ಉಳಿಯುವುದು. ಕೊನೆಯ ಜಾಲಿಕೆಯ ನೀರನ್ನು ಚೆಲ್ಲದೆ ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಯಂತ್ರವುಳ್ಳವರು ಅದು ತುಂಬುವಷ್ಟು ಬಟ್ಟೆಯಾದ ಮೇಲೆಯೇ, ತಣ್ಣೀರಿನಲ್ಲಿಯೇ ಒಗೆಯಲಿ. ಬಿಸಿಲಿರುವಾಗ ಒಣಗಿಸಲು ವಿದ್ಯುತ್ತೇಕೆ?

ಇಷ್ಟರಿಂದಲೇ ಮೀಠಿ ನದಿಯು ತಿಳಿಯಾಗುವುದೆಂದು ನಾವು ಹೇಳಲಾರೆವು. ವಿಹಾರ್, ಪೊವಾಯಿಗಳ ಕಡೆಯಿಂದ ಹೊರಟು ಕುರ್ಲಾ, ಧಾರಾವಿಗಳನ್ನು ಬಳಸಿ ಮಾಹಿಮ್ ಕೊಲ್ಲಿಯನ್ನು ಸೇರುವ ಆ ನದಿಯು ಚರಂಡಿಯಂತಾದ ಹೊಣೆಯನ್ನು ಬಡವನ ಬಾಲ್ದಿಯೊಂದರ ಮೇಲೆಯೇ ಹೊರಿಸುವುದು ಅನ್ಯಾಯ. ಕೊಳಚೆಯನ್ನು ಶುದ್ಧಗೊಳಿಸಿ ಬಿಡುವುದು ನಗರಪಾಲಿಕೆಯ ಕರ್ತವ್ಯ. ಅದರಿಂದ ಅದು ನುಣುಚಿಕೊಳ್ಳಬಾರದು. ಹೋಟೆಲು ಮಾಲಿಕರೂ ತಮ್ಮ ಕೆಲಸಗಾರರಿಗೆ ಬಟ್ಟೆ ಒಗೆಯಲು ಸ್ಥಳ, ಒಣಹಾಕಲು ಗಾಳಿ ಬೆಳಕಿನ ಮೂಲೆ ಒದಗಿಸಬೇಕು. ಮಳೆಗಾಲದಲ್ಲಿ ಒದ್ದೆ ಅಂಗಿ ತೊಟ್ಟು ನಿಂತವನಿಗೆ ಪರಿಸರದ ಉಪದೇಶವು ರುಚಿಸದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಮಡಿ ಮಾಡುವುದನ್ನೇ ಕಾಯಕವಾಗಿ ನಡೆಸಿದ ಮಡಿವಾಳ ಮಾಚಿದೇವರ ನಾಡಿನವರು ನಾವು. ನಮ್ಮ ಅಂಗಿಯ ಮಡಿಯು ಮತ್ತೊಬ್ಬರ ನೀರಿನ ಮೈಲಿಗೆಯಾಗದಂತೆ ನೋಡಿಕೊಳ್ಳುವುದು ನಮಗೆ ಅಸಾಧ್ಯವಾದುದೇನಲ್ಲ. ಬರುವ ರಜೆಯ ದಿನ ಪುಡಿಯ ಡಬ್ಬಿಗೆ ಕೈಹಾಕುವಾಗ ಒಂದು ಚಮಚ ಕಡಿಮೆ ಮಾಡಿ ನೋಡೋಣ.