ವೊಲಟೈಲ್ ಒಂದೇ ಸಾಲದು

ಅಣೆಕಟ್ಟೆಯ ಗೇಟುಗಳಿಗೆ ಎಂಬೆಡೆಡ್ ನಿಯಂತ್ರಣ ಬರಲಿ, ಡ್ರೈವರ್ ಬರೆಯುವುದೇನು ಮಹಾ, ರಿಜಿಸ್ಟರ್ ವಿಳಾಸಕ್ಕೊಂದು ವೊಲಟೈಲ್ ಪಾಯಿಂಟರ್ ಇಟ್ಟರೆ ಮುಗಿಯಿತು ಎಂಬ ಲೇಖನ ಓದಿದೆ. ಮುಗಿಯುವುದಿಲ್ಲ. ವೊಲಟೈಲ್ ಕಟ್ಟಿಹಾಕುವುದು ಕಂಪೈಲರನ್ನು ಮಾತ್ರ. ಪ್ರೊಸೆಸರ್, ಬಸ್ ಅದರ ಮಾತು ಕೇಳಬೇಕೆಂದಿಲ್ಲ. ಲಿನಕ್ಸ್‌ನಲ್ಲಿ ಭೌತಿಕ ವಿಳಾಸವನ್ನು ಮೊದಲು ಐಒರೀಮ್ಯಾಪ್‌ನಿಂದ ಮ್ಯಾಪ್ ಮಾಡಿಕೊಂಡು, ರೀಡ್‌ಎಲ್, ರೈಟ್‌ಎಲ್ ಮೂಲಕವೇ ಮುಟ್ಟಬೇಕು. ಅಷ್ಟಾದರೂ ಬರೆದದ್ದು ದಾರಿಯ ಬಫರ್‌ನಲ್ಲಿ ಕೂತಿರಬಹುದು (ಪಿಸಿಐ ಜೊತೆ ಏಗಿದವರಿಗೆ ಗೊತ್ತು); ತಲುಪಿತೆಂದು ಖಾತ್ರಿಯಾಗಲು ಅದೇ ಸಾಧನದಿಂದ ಮರಳಿ ಓದಬೇಕು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ಸರಪಳಿ ಕಡಿದು, ಸಾಫ್ಟ್‌ವೇರ್ ಕೆಟ್ಟು ಅಲ್ಲ. ಆದರೆ ಕಂಪ್ಲಿ ಸೇತುವೆಯನ್ನೇ ಮುಳುಗಿಸುವಷ್ಟು ನೀರು ಬಿಡುವ ಗೇಟುಗಳಿಗೆ ಆಜ್ಞೆ 'ಬಹುಶಃ' ತಲುಪಿದರೆ ಸಾಲದು. ಲೇಖಕರು ಆ ಸಾಲನ್ನು ತಿದ್ದಲಿ.