ಸೇವೆಯ ಹಿರಿತನ

ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅಧ್ಯಾಪಕರ ಹೆಸರುಗಳು ಅಕಾರಾದಿಯಾಗಿ ಬರುವುದಿಲ್ಲ, ವಯಸ್ಸಿಗನುಸಾರವಾಗಿಯೂ ಬರುವುದಿಲ್ಲ. ಸೇವೆಯ ಹಿರಿತನವನ್ನನುಸರಿಸಿ ಬರುತ್ತವೆ. ಒಂದು ಅನುದಾನಿತ ಕಾಲೇಜಿನಲ್ಲಿ ಒಂಬತ್ತು ವರ್ಷ ಪಾಠ ಹೇಳಿ, ವೃದ್ಧರಾದ ತಾಯಿತಂದೆಗಳ ಸಮೀಪದಲ್ಲಿರಬೇಕೆಂದು ಬೇರೊಂದು ಆಡಳಿತ ಮಂಡಲಿಯ ಕಾಲೇಜಿಗೆ ನಾನು ಬಂದಾಗ ನನ್ನ ಹೆಸರು ಆ ಪುಸ್ತಕದ ಕಡೆಯ ಸಾಲಿಗೆ ಇಳಿಯಿತು. ಅದರ ಮೇಲಿನ ಸಾಲಿನಲ್ಲಿದ್ದಾತ ಬಿ.ಎ. ತರಗತಿಯಲ್ಲಿ ನನ್ನ ಶಿಷ್ಯನಾಗಿದ್ದವನು. ಮೊದಲ ದಿನ ಅವನು ಲೇಖನಿಯನ್ನು ನನ್ನತ್ತ ಚಾಚಿ, “ಸರ್, ನೀವು ಮೊದಲು ರುಜು ಮಾಡಿ” ಎಂದ. ಮಾಡಿದೆ, ಆದರೆ ರುಜು ಮಾಡಬೇಕಾದ ಸ್ಥಳ ಅವನ ಹೆಸರಿನ ಕೆಳಗೇ ಇತ್ತು. ಸಂಬಳದಲ್ಲಿ ಒಂದು ರೂಪಾಯಿಯೂ ಕಡಮೆಯಾಗಿರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ನಾನಾಗಿ ಬೇಡಿ ಬಂದವನು.

ಬೇಡಿ ಬಂದವನು ಸಾಲಿನ ತುದಿಯಲ್ಲಿ ನಿಲ್ಲಬೇಕೆಂಬುದು ಹಳೆಯ ನ್ಯಾಯ. ಸರ್ಕಾರಿ ನೌಕರರ 1957ರ ಜ್ಯೇಷ್ಠತಾ ನಿಯಮಗಳು ಹೇಳುವುದೂ ಇದನ್ನೇ. ಸಾರ್ವಜನಿಕ ಹಿತಕ್ಕಾಗಿ ವರ್ಗವಾದವನ ಹಿಂದಿನ ಸೇವೆ ಅವನ ಸಂಗಡವೇ ಬರುತ್ತದೆ. ಸ್ವಂತ ಕೋರಿಕೆಯಿಂದ ಹೋದವನು ಅಂದು ಅಲ್ಲಿರುವ ಎಲ್ಲರಿಗಿಂತಲೂ ಕೆಳಗಿನವನಾಗುತ್ತಾನೆ. ನನ್ನ ಮನೆಯ ಕಷ್ಟಕ್ಕಾಗಿ ಇನ್ನೊಬ್ಬನ ಬಡ್ತಿ ಏಕೆ ತಡವಾಗಬೇಕು? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಆದರೆ ಬೇಡದೆಯೇ ಯಜಮಾನ ಬದಲಾದವರ ಮಾತೇನು? ನಮ್ಮ ನಾಡಿನಲ್ಲಿ ಸಾವಿರಾರು ಜನರಿಗೆ ಒಂದೇ ರಾತ್ರಿಯಲ್ಲಿ ಹಾಗಾದುದುಂಟು. 1956ರ ಅಕ್ಟೋಬರ್ 31ರಂದು ಧಾರವಾಡದ ಗುಮಾಸ್ತ ಮುಂಬಯಿ ಸರ್ಕಾರದ ನೌಕರನಾಗಿ ಮಲಗಿದ. ಬೆಳಗಾಗುವುದರೊಳಗೆ ಮೈಸೂರು ಸರ್ಕಾರದ ನೌಕರನಾಗಿದ್ದ. ಕಲಬುರ್ಗಿಯವನು ಹೈದರಾಬಾದನ್ನೂ ಮಂಗಳೂರಿನವನು ಮದರಾಸನ್ನೂ ಹಾಗೆಯೇ ಕಳೆದುಕೊಂಡರು. ಕೊಡಗಿನವನ ಪುಟ್ಟ ರಾಜ್ಯವೇ ಇಲ್ಲವಾಯಿತು. ಏಕೀಕರಣದ ಹಬ್ಬವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಹಬ್ಬ ಮುಗಿದ ಮೇಲೆ ಕಚೇರಿಗಳಲ್ಲಿ ಎದ್ದ ಪ್ರಶ್ನೆಯನ್ನು ಕುರಿತು ಬರೆದವರು ವಿರಳ. ಮೈಸೂರಿನ ಅಮಲ್ದಾರ, ಮುಂಬಯಿಯ ಮಾಮಲೇದಾರ, ಹೈದರಾಬಾದಿನ ತಹಶೀಲ್ದಾರ, ಕೊಡಗಿನ ಸುಬೇದಾರ—ಎಲ್ಲರೂ ತಾಲ್ಲೂಕಿನ ದೊರೆಗಳೇ. ಇವರನ್ನು ಒಂದೇ ಪಟ್ಟಿಯಲ್ಲಿ ಬರೆಯುವಾಗ ಯಾರ ಹೆಸರು ಮೇಲೆ?

ಅದಕ್ಕೂ ಒಂದು ಅಳತೆಗೋಲನ್ನು ಮಾಡಿಕೊಂಡಿದ್ದರು. 1956ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಸೇರಿದ್ದ ಮುಖ್ಯ ಕಾರ್ಯದರ್ಶಿಗಳು ಹುದ್ದೆಹುದ್ದೆಗಳನ್ನು ಸರಿದೂಗಿಸಲು ನಾಲ್ಕು ಸಂಗತಿಗಳನ್ನು ನೋಡಬೇಕೆಂದರು: ಕೆಲಸದ ಸ್ವರೂಪ, ಅಧಿಕಾರ ಮತ್ತು ಹೊಣೆ, ನೇಮಕಕ್ಕೆ ಬೇಕಾದ ಕನಿಷ್ಠ ವಿದ್ಯೆ, ಸಂಬಳ. ಸಂಬಳ ಕೊನೆಯದು ಎಂಬುದು ಗಮನಾರ್ಹ. ಮನುಷ್ಯನ ಯೋಗ್ಯತೆಯನ್ನು ಅವನ ಕೈಗೆ ಬರುವ ಹಣದಿಂದ ಮೊದಲು ಅಳೆಯದ ಪಟ್ಟಿ ಲೋಕದಲ್ಲಿ ಅಪರೂಪ! ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೆಯ ಪ್ರಕರಣವಂತೂ ಇನ್ನೂ ಸ್ಪಷ್ಟವಾಗಿತ್ತು: ಹೀಗೆ ಬಂದ ನೌಕರನ ಸೇವಾ ನಿಬಂಧನೆಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅವನಿಗೆ ಹಾನಿಯಾಗುವಂತೆ ಬದಲಿಸಕೂಡದು.

ಹಾಗಾದರೆ ತೊಡಕೆಲ್ಲಿ? ‘ಸೇವಾ ನಿಬಂಧನೆ’ ಎಂಬ ಮಾತಿನ ಅರ್ಥದಲ್ಲಿ. ಹೊಸ ರಾಜ್ಯದಲ್ಲಿ ನೈರ್ಮಲ್ಯ ನಿರೀಕ್ಷಕರ ಹಿರಿತನವನ್ನು ಜಿಲ್ಲಾವಾರು ಎಣಿಸುವುದನ್ನು ಬಿಟ್ಟು ಇಡೀ ರಾಜ್ಯಕ್ಕೆ ಒಂದಾಗಿ ಎಣಿಸಿದರು. ತಮ್ಮ ಜಿಲ್ಲೆಯಲ್ಲಿ ಮೇಲಿದ್ದ ಕೆಲವರು ದೊಡ್ಡ ಪಟ್ಟಿಯಲ್ಲಿ ಬಹು ಕೆಳಗಿಳಿದರು. ಕಾಯಿದೆಯ ರಕ್ಷಣೆಯನ್ನು ಬೇಡಿದರು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1967ರಲ್ಲಿ ಬಂದ ತೀರ್ಪಿನ ಸಾರವಿಷ್ಟು: ಬಡ್ತಿಯ ಸಂಭವವು ಸೇವಾ ನಿಬಂಧನೆಯಲ್ಲ. ಬಡ್ತಿಗಾಗಿ ಪರಿಗಣಿಸಲ್ಪಡುವುದು ನೌಕರನ ಹಕ್ಕು; ಬಡ್ತಿ ಬೇಗ ಬರಬಹುದೆಂಬ ನಿರೀಕ್ಷೆ ಹಕ್ಕಲ್ಲ.

ತರ್ಕವನ್ನು ಅಲ್ಲಗಳೆಯಲಾರೆ. ಪ್ರತಿಯೊಬ್ಬನ ನಿರೀಕ್ಷೆಯೂ ಹಕ್ಕಾದರೆ ಐದು ಆಡಳಿತಗಳು ಎಂದಿಗೂ ಒಂದಾಗುತ್ತಿರಲಿಲ್ಲ. ಆದರೂ ‘ಸಂಭವ’ ಎಂಬ ಆ ಮಾತು ನನ್ನ ಮನಸ್ಸಿಗೆ ಒಗ್ಗಿಲ್ಲ. ಲಾಟರಿ ಚೀಟಿ ಕೊಂಡವನದು ಸಂಭವ. ಇಪ್ಪತ್ತು ವರ್ಷ ಹಳ್ಳಿಹಳ್ಳಿ ತಿರುಗಿ, ಮುಂದಿನ ಸ್ಥಾನ ತೆರವಾದಾಗ ತನ್ನ ಸರದಿಯೆಂದು ನಂಬಿ, ಅದರ ಆಧಾರದ ಮೇಲೆ ಮಗಳ ಮದುವೆಯನ್ನೋ ಮನೆಯ ತಳಪಾಯವನ್ನೋ ನಿಶ್ಚಯಿಸಿಕೊಂಡವನ ನಿರೀಕ್ಷೆ ಅದೇ ಜಾತಿಯದೇ? ಸಂಬಳ ಈ ತಿಂಗಳ ದುಡಿಮೆಯ ಬೆಲೆ. ಹಿರಿತನ ಕಳೆದ ವರ್ಷಗಳ ಲೆಕ್ಕ. ಮೊದಲನೆಯದನ್ನು ಕಾಯಿದೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ, ಎರಡನೆಯದನ್ನು ಆಡಳಿತದ ಅನುಕೂಲಕ್ಕೆ ಬಿಟ್ಟುಕೊಡುತ್ತದೆ.

ಇದು ಹಳೆಯ ಕಥೆಯೆಂದು ಓದುಗರು ತಿಳಿಯಬಾರದು. ಕನ್ನಡ ನೆಲದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ಮೂರೇ ವರ್ಷಗಳಲ್ಲಿ ಹೆಸರು ಕಳೆದುಕೊಂಡವು: 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು. ವಿಜಯಾ ಬ್ಯಾಂಕಿನ ವಿಲೀನ ಯೋಜನೆಯಲ್ಲಿ ವೇತನ, ಭತ್ಯೆಗಳು ಮೊದಲಿಗಿಂತ ಕಡಮೆ ಅನುಕೂಲವಾಗಿರಕೂಡದೆಂಬ ಮಾತಿತ್ತು. ಒಳ್ಳೆಯ ಮಾತು. ಆದರೆ ಸಣ್ಣ ಪಟ್ಟಿಯ ಮೇಲ್ಭಾಗದಲ್ಲಿದ್ದವನು ದೊಡ್ಡ ಪಟ್ಟಿಯ ನಡುವೆ ಎಲ್ಲಿ ನಿಲ್ಲಬೇಕೆಂಬುದಕ್ಕೆ ಅದು ಉತ್ತರವಲ್ಲ.

ಖಾಸಗಿ ಕಾರ್ಖಾನೆಯ ಕಾರ್ಮಿಕನ ಪಾಡು ಇನ್ನೂ ನೇರ. ಒಡೆತನ ಬದಲಾದಾಗ ಹೊಸ ಒಡೆಯ ಹಿಂದಿನ ಸೇವೆಯನ್ನು ಅಖಂಡವೆಂದು ಒಪ್ಪಿ, ಷರತ್ತುಗಳನ್ನು ಇಳಿಸದೆ ನಡೆಸಿಕೊಂಡು ಹೋಗಬೇಕು; ಇಲ್ಲವಾದರೆ ಹಳೆಯ ಒಡೆಯನಿಂದ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನದಂತೆ ಪರಿಹಾರ. 1957ರಿಂದ ಇದ್ದ ಈ ಏರ್ಪಾಡು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿದೆ. ಒಂದು ವರ್ಷದ ಬದುಕಿಗೆ ಹದಿನೈದು ದಿನ! ಆದರೂ ಅಲ್ಲಿ ಕಳೆದ ಕಾಲಕ್ಕೆ ಬೆಲೆಯುಂಟೆಂಬ ಒಪ್ಪಿಗೆಯಾದರೂ ಇದೆ.

ನನ್ನ ಅಭಿಪ್ರಾಯ ಇಷ್ಟೆ. ಸಂಸ್ಥೆ ತಾನಾಗಿ ಎತ್ತಿ ಇನ್ನೊಂದು ಕಡೆ ಇರಿಸಿದ ನೌಕರನ ವರ್ಷಗಳು ಒಂದೂ ಬಿಡದೆ ಅವನೊಡನೆ ಬರಬೇಕು. ಬೇಡಿ ಹೋದವನ ವಿಷಯದಲ್ಲಿ ಕೂಡ, ಅಲ್ಲಿ ಮೊದಲೇ ಕಾದಿರುವವರಿಗೆ ಒಂದೆರಡು ಸರದಿ ಬಡ್ತಿ ಸಂದ ಮೇಲಾದರೂ ಹಳೆಯ ಸೇವೆಯಲ್ಲಿ ಒಂದು ಪಾಲನ್ನು ಲೆಕ್ಕಕ್ಕೆ ಹಿಡಿಯಬಾರದೇಕೆ? ಏಕೆಂದರೆ ‘ಸ್ವಂತ ಕೋರಿಕೆ’ ಎಂಬುದು ಎಷ್ಟೋ ಸಲ ಹೆಸರಿಗೆ ಮಾತ್ರ ಸ್ವಂತ.

ನನ್ನ ತಂಗಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಮದುವೆಯಾದ ಮೇಲೆ ಆರು ವರ್ಷ ಒಂದು ಜಿಲ್ಲೆಯಲ್ಲಿ ತಾನು, ಇನ್ನೊಂದರಲ್ಲಿ ಗಂಡ. ಮಗು ಅಜ್ಜಿಯ ಮನೆಯಲ್ಲಿ. ಕೊನೆಗೆ ವರ್ಗಾವಣೆ ಕೋರಿದಳು. ಹಿರಿತನವನ್ನು ಬಿಟ್ಟುಕೊಡಲು ಒಪ್ಪಿರುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಕನ್ನಡ ಎಂ.ಎ. ಮಾಡಿದ ಅಣ್ಣನಿರುವಾಗ ಕರಡು ಬರೆಯುವವರು ಬೇರೆ ಯಾರು? ಕಚೇರಿಯ ಮಾದರಿಯಲ್ಲಿ ‘ಸ್ವಇಚ್ಛೆಯಿಂದ’ ಎಂದಿತ್ತು. ಸಂಧಿ ಮಾಡಿದರೆ ‘ಸ್ವೇಚ್ಛೆ’ಯಾಗಿ, ಅಂಕೆಯಿಲ್ಲದ ನಡತೆಯೆಂಬ ಅರ್ಥ ಬರುವುದೆಂದು ಕಚೇರಿಗಳವರು ಆ ಪದವನ್ನು ಬಿಡಿಸಿಯೇ ಬರೆಯುತ್ತಾರೆ. ನಾನು ಅದನ್ನು ತೆಗೆದು ‘ಕುಟುಂಬದ ಅನಿವಾರ್ಯದಿಂದ’ ಎಂದು ಬರೆದೆ. ಎರಡು ದಿನಗಳ ಮೇಲೆ ಕಾಗದ ಹಿಂದಕ್ಕೆ ಬಂತು, ಮಾದರಿಯಲ್ಲಿರುವಂತೆಯೇ ಇರಬೇಕಂತೆ. ತಂಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ‘ಸ್ವಇಚ್ಛೆಯಿಂದ’ ಎಂದು ಬರೆದು ರುಜು ಮಾಡಿದಳು.